ಬಾಣಂತನಕ್ಕೆ ಟ್ರಿನಿಡಾಡ್‌ಗೆ ಹೊರಟ ಅಮ್ಮಂದಿರಿಗೆ: ಹಕ್ಕಿ ನೋಡುವುದು ಹೇಗೆ

ನಮ್ಮ ಬನಶಂಕರಿಯಲ್ಲಿ ಮಗಳ ಬಾಣಂತನಕ್ಕೆ ಅಂತ ಡಲ್ಲಾಸಿಗೋ ಮೆಲ್ಬರ್ನಿಗೋ ಹೋಗಿ ಬಂದ ತಾಯಂದಿರು ಬೀದಿಗೊಬ್ಬರು ಸಿಗುತ್ತಾರೆ. ನನ್ನ ಮಗಳು, ಅಳಿಯ ಇರುವುದು ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್‌ ದ್ವೀಪದಲ್ಲಿ. ಎಲ್ಲಿದೆ ಅದು ಅಂತ ಕೇಳಿದವರಿಗೆ ‘ಬ್ರಯನ್ ಲಾರಾ ಊರು’ ಅಂದರೆ ಸಾಕು, ನಮ್ಮ ಯಜಮಾನರ ವಾಕಿಂಗ್ ಸ್ನೇಹಿತರೆಲ್ಲ ತಲೆಯಾಡಿಸುತ್ತಾರೆ. ನಾನು ಹೋದದ್ದು ಮಗುವಿಗೆ ಎಣ್ಣೆನೀರು ಹಾಕಿ, ಮಗಳಿಗೆ ಬಿಸಿ ಸಾರನ್ನ ಬಡಿಸಲಿಕ್ಕೆ. ಆದರೆ ಬಾಣಂತಿ ಮನೆಯಲ್ಲಿ ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದಲ್ಲ, ಹಕ್ಕಿ ನೋಡಲಿಕ್ಕೂ ಅದೇ ಹೊತ್ತು. ಲಾಲ್‌ಬಾಗ್‌ನಲ್ಲಿ ಸಿಕ್ಕವರೆಲ್ಲ ‘ಅಲ್ಲಿ ಹೇಗೆ ನೋಡಿದ್ರಿ, ಏನೇನು ತಗೊಂಡು ಹೋದ್ರಿ’ ಅಂತ ಕೇಳುವುದರಿಂದ ಒಂದೇ ಸಲ ಬರೆದುಬಿಡುತ್ತೇನೆ. ಕ್ರಿಕೆಟ್ ನೋಡಲು ಹೋಗುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲ ಮಾತು: ಅಲ್ಲಿಗೆ ಹೋಗಿ ಕಲಿಯೋಣ ಅಂತ ಕೂರಬೇಡಿ. ಬೆಂಗಳೂರಲ್ಲೇ ಕಲಿಯಿರಿ, ಅದೂ ಮರದಿಂದ ಶುರುಮಾಡಿ. ನಮ್ಮ ರಸ್ತೆಬದಿಯ ಮರಗಳಲ್ಲಿ ಎಷ್ಟೋ ಆ ಕಡೆಯಿಂದ ಬಂದವು. ಮಕ್ಕಳು ಕಿತ್ತು ತಿನ್ನುವ ಗಸಗಸೆ ಹಣ್ಣಿನ ಮರ ಕೆರಿಬಿಯನ್ ಮತ್ತು ಅದರ ಸುತ್ತಲಿನ ಅಮೆರಿಕದ್ದು. ಜನವರಿ, ಫೆಬ್ರವರಿಯಲ್ಲಿ ಬೆಂಗಳೂರಿಗೆಲ್ಲ ಗುಲಾಬಿ ಬಣ್ಣ ಬಳಿಯುವ ಟಬೂಬಿಯಾದ ತವರೂ ಅದೇ ಕಡೆ. ಟ್ರಿನಿಡಾಡ್‌ನವರು ಅದನ್ನು ಪೂಯಿ ಅನ್ನುತ್ತಾರೆ. ಕಬ್ಬನ್ ಪಾರ್ಕಿನ ಮಳೆಮರ ಅಲ್ಲಿ ಸಮಾನ್. ಇನ್ನು ಹಾಲವಾಣ. ನಮ್ಮ ಚಿಕ್ಕಮಗಳೂರಿನ ಕಾಫಿತೋಟದಲ್ಲಿ ನೆರಳಿಗೆ ಅಂತ ಹಾಲವಾಣ ಹಾಕುವುದಿಲ್ಲವೆ, ಟ್ರಿನಿಡಾಡ್‌ನ ಕೋಕೋ ತೋಟಗಳಲ್ಲಿ ಅದೇ ಕುಲದ ಇಮ್ಮಾರ್ಟೆಲ್ ಹಾಕಿದ್ದಾರೆ. ಡಿಸೆಂಬರ್ ಕಳೆಯುತ್ತಿದ್ದಂತೆ ಗುಡ್ಡಕ್ಕೆ ಗುಡ್ಡವೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮಕರಂದ ಕುಡಿಯುವ ಹಕ್ಕಿಗಳೆಲ್ಲ ಅಲ್ಲಿ ಜಮಾ.

ಹಾಗಾಗಿ ಹೊರಡುವ ಮುಂಚಿನ ತಿಂಗಳು ದಿನಾ ಬೆಳಗ್ಗೆ ಹೂ ಬಿಟ್ಟ ಒಂದು ಮರ ಹಿಡಿದು, ಅದರ ಕೆಳಗೇ ಅರ್ಧ ಗಂಟೆ ನಿಲ್ಲಿ. ಊರೆಲ್ಲ ಸುತ್ತಬೇಕಿಲ್ಲ. ಯಾವ ಹಕ್ಕಿ ಹೂವಿನ ಮುಂದಿನಿಂದ ಕುಡಿಯುತ್ತದೆ, ಯಾವುದು ಬುಡ ಚುಚ್ಚಿ ಕದಿಯುತ್ತದೆ, ಯಾವುದು ಹೂವಿಗೆ ಬಂದ ಹುಳು ತಿನ್ನುತ್ತದೆ, ಯಾವುದು ಬೇರೆಯವರನ್ನು ಅಟ್ಟುವುದರಲ್ಲೇ ಹೊತ್ತು ಕಳೆಯುತ್ತದೆ, ಇದನ್ನು ಗುರುತು ಮಾಡಿಕೊಳ್ಳಿ. ಗಸಗಸೆ ಮರದಲ್ಲಿ ಬದನಿಕೆ ಹಕ್ಕಿ ಚಿಕ್ ಚಿಕ್ ಅಂತ ಓಡಾಡುವುದನ್ನು ಬೈನಾಕ್ಯುಲರ್‌ನಲ್ಲಿ ಹಿಡಿದಿಡಲು ಬಂತೆಂದರೆ ನಿಮ್ಮ ಕಣ್ಣು, ಕೈ ಟ್ರಿನಿಡಾಡ್‌ಗೆ ತಯಾರು. ಅಲ್ಲಿಯ ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಕಸುಬು ಗೊತ್ತಾಗುತ್ತದೆ. ಕಸುಬು ಗೊತ್ತಾದ ಮೇಲೆ ಹೆಸರು ಹುಡುಕುವುದು ಸುಲಭ. ಜೊತೆ ಬೇಕಿದ್ದರೆ, ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಪಕ್ಷಿವೀಕ್ಷಕರು ಸೇರುವ ರೂಢಿ ಹಳೆಯದು. ಹೋಗಿ ಹಿಂದೆ ನಿಂತುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ.

ಗಂಟುಮೂಟೆ

ಬೈನಾಕ್ಯುಲರ್ 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ಅಂಗಡಿಯವರು 10x ತೋರಿಸಿ ಆಸೆ ಹುಟ್ಟಿಸುತ್ತಾರೆ. ಐವತ್ತು ದಾಟಿದ ಕೈ ಸ್ವಲ್ಪ ನಡುಗುತ್ತದೆ, ಹತ್ತು ಪಟ್ಟು ದೊಡ್ಡದಾಗಿ ಕಾಣುವಾಗ ಆ ನಡುಕವೂ ಹತ್ತು ಪಟ್ಟು. ಕನ್ನಡಕದವರು ಕಣ್ಣಿಗೆ ಒತ್ತುವ ರಬ್ಬರ್ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿ ನೋಡಿ, ಆಮೇಲೆ ಕೊಂಡುಕೊಳ್ಳಿ. ಎರಡು ಮೀಟರ್ ಹತ್ತಿರದ ವಸ್ತುವೂ ಸ್ಪಷ್ಟವಾಗಿ ಕಾಣಬೇಕು, ಯಾಕೆಂದರೆ ವರಾಂಡದ ಹಕ್ಕಿ ಮುಖದ ಹತ್ತಿರವೇ ಬರುತ್ತದೆ. ಅಲ್ಲಿ ಸೆಕೆ ವಿಪರೀತ. ಎ.ಸಿ. ಕೋಣೆಯಲ್ಲಿಟ್ಟು ಹೊರಗೆ ತಂದರೆ ಗಾಜಿಗೆಲ್ಲ ಮಂಜು ಕಟ್ಟುತ್ತದೆ, ಹಾಗಾಗಿ ರಾತ್ರಿ ಅದನ್ನು ಎ.ಸಿ. ಇಲ್ಲದ ಕಡೆ ಇಡಿ.

ಕಬಿನಿಗೆ ಅಂತ ಕೊಂಡ ಮಿಲಿಟರಿ ಬಣ್ಣದ ಜಾಕೆಟ್, ಟೋಪಿ, ಪ್ಯಾಂಟು ಬೀರುವಿನಲ್ಲೇ ಇರಲಿ. ಟ್ರಿನಿಡಾಡ್, ಜಮೈಕಾ, ಬಾರ್ಬಡೋಸ್, ಸೇಂಟ್ ಲೂಸಿಯಾ ಹೀಗೆ ಅನೇಕ ದ್ವೀಪಗಳಲ್ಲಿ ಸಾಮಾನ್ಯ ಜನ ಆ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ. ಮೊಮ್ಮಗನಿಗೆ ಅಂತ ಕೊಂಡ ಪುಟ್ಟ ಚಡ್ಡಿಯಲ್ಲೂ ಆ ಚಿತ್ತಾರ ಬೇಡ. ಮಾಸಲು ಹಸಿರಿನ ಹತ್ತಿ ಚೂಡಿದಾರ ಸಾಕು, ದುಪಟ್ಟಾ ಪಿನ್ ಮಾಡಿಕೊಳ್ಳಿ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಟ್ರಿನಿಡಾಡ್ ದ್ವೀಪ ಆ ಜ್ವರದ ಪಟ್ಟಿಯಲ್ಲಿದೆ. ವಾಪಸು ಬರುವಾಗ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ ನಮ್ಮವರೇ ನಮ್ಮನ್ನು ಆರು ದಿನದ ತನಕ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಚುಚ್ಚುತ್ತಾರೆ, ಹತ್ತು ದಿನ ಕಳೆದ ಮೇಲೆ ಅದು ಊರ್ಜಿತ. ವಯಸ್ಸಾದವರು ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ಫೋನಿನಲ್ಲಿ ಮರ್ಲಿನ್ ಎಂಬ ಪುಕ್ಕಟೆ ಆ್ಯಪ್ ಹಾಕಿಸಿಕೊಂಡು, ಆ ಭಾಗದ ಹಕ್ಕಿಗಳ ಕಟ್ಟನ್ನು ಇಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಅದು ದನಿ ಕೇಳಿಸಿಕೊಂಡು ಹೆಸರು ಹೇಳುತ್ತದೆ. ಹೇಳಿದ್ದನ್ನೆಲ್ಲ ನಂಬಬೇಡಿ; ಕಣ್ಣಿಗೆ ಕಂಡ ಮೇಲಷ್ಟೇ ಬರೆದುಕೊಳ್ಳಿ. ನನ್ನದು ಹಾಲಿನ ಲೆಕ್ಕದ ಪುಸ್ತಕ.

ವರಾಂಡದಲ್ಲಿ ಕೂತು

ಟ್ರಿನಿಡಾಡ್ ಹತ್ತೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಬೆಂಗಳೂರು ಹದಿಮೂರರಲ್ಲಿ. ಅದಕ್ಕೇ ಹಗಲು ರಾತ್ರಿಯ ಲೆಕ್ಕ ಹೆಚ್ಚುಕಡಿಮೆ ನಮ್ಮದೇ. ಆರಕ್ಕೆ ಬೆಳಕು, ಒಂಬತ್ತರ ನಂತರ ಹಕ್ಕಿ ಮಂಕು, ನಾಲ್ಕರ ಮೇಲೆ ಮತ್ತೆ ಚುರುಕು. ಮಳೆಗಾಲ ಜೂನ್‌ನಿಂದ ಡಿಸೆಂಬರ್. ಒಣಹವೆ ಜನವರಿಯಿಂದ ಮೇ. ಹೆರಿಗೆ ದಿನ ನಮ್ಮ ಕೈಯಲ್ಲಿಲ್ಲ ಬಿಡಿ.

ಇಂಡಿಯಾದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ನಮ್ಮ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ತೋರಿಸಿ ಹಮ್ಮಿಂಗ್‌ಬರ್ಡ್ ಅನ್ನುವವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ, ಎರಡಕ್ಕೂ ನೆಂಟಸ್ತಿಕೆಯಿಲ್ಲ. ಸೂರಕ್ಕಿ ಸಾಮಾನ್ಯವಾಗಿ ಕೊಂಬೆ ಹಿಡಿದು ಕೂತು ಕುಡಿಯುತ್ತದೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿದು, ಹಿಂದಕ್ಕೂ ಹಾರುತ್ತದೆ. ಅದನ್ನು ಬೈನಾಕ್ಯುಲರ್‌ನಿಂದ ಬೆನ್ನಟ್ಟಿದರೆ ಏನೂ ಸಿಗುವುದಿಲ್ಲ. ಒಂದು ಹೂಗೊಂಚಲಿಗೆ ಫೋಕಸ್ ಮಾಡಿ ಕಾಯಿರಿ, ಅದೇ ಬರುತ್ತದೆ.

ಬರಲೇಬೇಕು ಅಂದರೆ ಸಕ್ಕರೆ ನೀರಿನ ಬಾಟಲಿ ತೂಗುಹಾಕಿ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಕುದಿಸಿ ಆರಿಸಿದ್ದು. ಬೆಲ್ಲ ಬೇಡ, ಜೇನುತುಪ್ಪ ಬೇಡ, ಕೆಂಪು ಬಣ್ಣವಂತೂ ಬೇಡವೇ ಬೇಡ. ಮೂರೂ ಹಕ್ಕಿಗೆ ಕೆಡುಕು. ನನಗೆ ಬೆಲ್ಲ ಹಾಕುವ ಮನಸ್ಸಿತ್ತು, ಅಳಿಯ ತಡೆದರು. ಆ ಸೆಕೆಗೆ ನೀರು ಬೇಗ ಹುಳಿಯುತ್ತದೆ, ಎರಡು ದಿನಕ್ಕೊಮ್ಮೆ ಚೆಲ್ಲಿ, ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಸೋಪು ಉಳಿಯಬಾರದು. ಬಾಟಲಿಯ ಮೇಲೆ ನೀರು ತುಂಬಿದ ಪುಟ್ಟ ಬಟ್ಟಲು ಕಟ್ಟಿದರೆ ಇರುವೆ ಇಳಿಯುವುದಿಲ್ಲ. ಸಂಜೆ ತುಂಬಿದ ಬಾಟಲಿ ಬೆಳಗ್ಗೆ ಖಾಲಿಯಾಗಿದ್ದರೆ ಬಾಟಲಿ ಸೋರುತ್ತಿದೆ ಅಂದುಕೊಳ್ಳಬೇಡಿ, ರಾತ್ರಿ ಬಾವಲಿ ಬಂದು ಕುಡಿದಿರುತ್ತದೆ.

ಮೊದಲು ಬರುವುದು ಬಹುಮಟ್ಟಿಗೆ ತಾಮ್ರದ ಬಣ್ಣದ ಸೊಂಟದ ಹಸಿರು ಹಮ್ಮಿಂಗ್‌ಬರ್ಡ್, ಕಾಪರ್-ರಂಪ್ಡ್. ಅಂಗಳ ತನ್ನದೇ ಅನ್ನುವ ಗತ್ತು ಅದಕ್ಕೆ; ತನಗಿಂತ ದೊಡ್ಡದನ್ನೂ ಓಡಿಸುತ್ತದೆ. ಕಾಡಂಚಿನ ಮನೆಯಾದರೆ ನೀಲಿ ತಲೆ, ಬಿಳಿ ಬಾಲದ ಜಾಕೋಬಿನ್ ಬರುತ್ತದೆ. ನಡುವೆ ನುಸುಳುವ ಹಳದಿ ಹೊಟ್ಟೆ, ಬಿಳಿ ಹುಬ್ಬಿನ, ಡೊಂಕು ಕೊಕ್ಕಿನ ಪುಟ್ಟದು ಬನಾನಾಕ್ವಿಟ್. ಕಸುಬಿನಲ್ಲಿ ಅದು ನಮ್ಮ ಸೂರಕ್ಕಿ, ಧೈರ್ಯದಲ್ಲಿ ಗುಬ್ಬಚ್ಚಿ: ಕಾಫಿ ಕುಡಿಯುವ ಮೇಜಿಗೇ ಬಂದು ಸಕ್ಕರೆ ಬಟ್ಟಲಿಗೆ ಬಾಯಿ ಹಾಕುತ್ತದೆ. ಕ್ಯೂಬಾ ಬಿಟ್ಟು ಹೆಚ್ಚುಕಡಿಮೆ ಎಲ್ಲ ದ್ವೀಪದಲ್ಲೂ ಸಿಗುವುದರಿಂದ ಮೊದಲು ಇದನ್ನು ಕಲಿಯಿರಿ.

ಕಳಿತ ಬಾಳೆಹಣ್ಣು, ಪರಂಗಿ ಸಿಪ್ಪೆ ಕಾಂಪೌಂಡ್ ಗೋಡೆಯ ಮೇಲೆ ಇಟ್ಟರೆ ಬೂದುನೀಲಿ ಟ್ಯಾನೇಜರ್ ಜೋಡಿಯಾಗಿ ಇಳಿಯುತ್ತದೆ. ನಮ್ಮಲ್ಲಿ ಪಿಕಳಾರ ಮಾಡುವ ಕೆಲಸ ಅಲ್ಲಿ ಇದರದು. ಕರೆಂಟ್ ತಂತಿಯ ಮೇಲೆ ಕಾಜಾಣ ಕೂರುವ ಜಾಗದಲ್ಲಿ ಹಳದಿ ಎದೆಯ, ಕಪ್ಪು ಬಿಳಿ ಪಟ್ಟೆ ತಲೆಯ ಕಿಸ್ಕಡೀ ಕೂತು, ಬೆಳಗಾಗುತ್ತಿದ್ದಂತೆ ತನ್ನ ಹೆಸರನ್ನೇ ಕೂಗಿ ಮಗುವನ್ನೂ ಎಬ್ಬಿಸುತ್ತದೆ. ಆಕಾಶದಲ್ಲಿ ಸುತ್ತುವ ಕರಿಯ ದೊಡ್ಡವು ನಮ್ಮ ಹದ್ದಲ್ಲ, ಕರಿ ರಣಹದ್ದು. ಅಲ್ಲಿಯವರು ಕಾರ್ಬೋ ಅನ್ನುತ್ತಾರೆ.

ಮಗು ಮಲಗಿದ ಮೇಲೆ, ಅಳಿಯ ಕಾರು ತೆಗೆದರೆ

ಒಂದೇ ಸಂಜೆ ಸಿಗುವುದಾದರೆ ಕರೋನಿ ಜೌಗಿಗೆ ಹೋಗಿ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ದಕ್ಷಿಣಕ್ಕೆ, ದೂರವಿಲ್ಲ. ನಾಲ್ಕರ ಸುಮಾರಿಗೆ ದೋಣಿ ಹೊರಡುತ್ತದೆ. ಮ್ಯಾಂಗ್ರೋವ್ ಕಾಡಿನ ಸಂದಿಯಲ್ಲಿ ಹೋಗುವಾಗ ಕೊಂಬೆಯಲ್ಲಿ ಸುರುಳಿ ಸುತ್ತಿದ ಹಾವನ್ನು ನಾವಿಕರು ತೋರಿಸುತ್ತಾರೆ, ಕಿರುಚಬೇಡಿ. ನೋಡಬೇಕಾದ್ದು ಕಡುಗೆಂಪು ಐಬಿಸ್, ಟ್ರಿನಿಡಾಡ್‌ನ ರಾಷ್ಟ್ರಪಕ್ಷಿ. ನಮ್ಮ ಕೆರೆಗಳ ಬಿಳಿ ಕೆಂಬರಲನ್ನು ನೋಡಿದ್ದರೆ ಆಕಾರ ಹೇಳಬೇಕಿಲ್ಲ, ಅದೇ ಡೊಂಕು ಕೊಕ್ಕು, ಅದೇ ನಡಿಗೆ. ಬಣ್ಣ ಮಾತ್ರ ಕುಂಕುಮ. ಅದು ತಿನ್ನುವ ಏಡಿ, ಸೀಗಡಿಗಳಲ್ಲಿನ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಅಂಶದಿಂದ ಆ ಕೆಂಪು. ಮರಿಗಳು ಕಂದು ಬಣ್ಣದವು, ಅವನ್ನು ಬೇರೆ ಜಾತಿ ಅಂತ ಬರೆದುಕೊಳ್ಳಬೇಡಿ. ಸೂರ್ಯ ಮುಳುಗುವ ಮುಂಚೆ ಗುಂಪು ಗುಂಪಾಗಿ ಜೌಗಿನ ನಡುವಿನ ಪುಟ್ಟ ದ್ವೀಪದ ಮರಗಳಿಗೆ ಇಳಿಯುತ್ತವೆ. ದೋಣಿ ದೂರದಲ್ಲೇ ನಿಲ್ಲುತ್ತದೆ. ಹತ್ತಿರ ಒಯ್ಯಿ ಅಂತ ದುಂಬಾಲು ಬೀಳಬೇಡಿ, ಹೆದರಿದ ಗುಂಪು ಆ ರಾತ್ರಿ ಬೇರೆಲ್ಲೋ ಅಲೆಯಬೇಕಾಗುತ್ತದೆ. ಸೊಳ್ಳೆ ಕ್ರೀಮು ಮೊದಲೇ ಹಚ್ಚಿರಿ. ಅಲ್ಲಿ ಮೂವರಲ್ಲೊಬ್ಬರ ಹಿರಿಯರು ಇಂಡಿಯಾದಿಂದ ಹೋದವರು, ಮೊದಲ ಹಡಗು ಮುಟ್ಟಿದ್ದು 1845ರ ಮೇ 30ಕ್ಕೆ. ಹಾಗಾಗಿ ಸೀರೆ ಉಟ್ಟು ದೋಣಿ ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ, ಊಟ ಆಯ್ತಾ ಅಂತ ಕೇಳುವವರೂ ಇದ್ದಾರೆ.

ಬೆಳಗಿನ ಹೊತ್ತು ಸಿಕ್ಕರೆ ಉತ್ತರದ ಬೆಟ್ಟಸಾಲು. ಅರೀಮಾ ಕಣಿವೆಯಲ್ಲಿ 1967ರಲ್ಲಿ ಶುರುವಾದ ಆಸಾ ರೈಟ್ ನಿಸರ್ಗ ಕೇಂದ್ರವಿದೆ, ಹಳೆಯ ಕಾಫಿ, ಕೋಕೋ ಎಸ್ಟೇಟು; ತೆರೆದಿದೆಯೇ ವಿಚಾರಿಸಿ ಹೊರಡಿ. ಅಲ್ಲಿನ ಗುಹೆಯಲ್ಲಿ ಆಯಿಲ್‌ಬರ್ಡ್ ಇದೆ: ರಾತ್ರಿ ಹಣ್ಣು ತಿನ್ನಲು ಹೋಗುವ, ಕತ್ತಲಲ್ಲಿ ಕಟಕಟ ಸದ್ದು ಮಾಡಿ ಪ್ರತಿಧ್ವನಿಯಿಂದ ದಾರಿ ತಿಳಿಯುವ ಹಕ್ಕಿ. ಕಾಡಿನಲ್ಲಿ ಯಾರೋ ಕಬ್ಬಿಣ ಬಡಿದಂತೆ ಒಂದು ಏಟು ಕೇಳಿದರೆ ಅದು ಗಡ್ಡದ ಬೆಲ್‌ಬರ್ಡ್. ನಮ್ಮ ಕಂಚುಗಾರನ ಟುಕ್ ಟುಕ್ ಕೇಳಿ ಬೆಳೆದ ಕಿವಿಗೆ ದಿಕ್ಕು ಹಿಡಿಯುವುದು ಕಷ್ಟವಲ್ಲ. ಮರದ ತುದಿಯಿಂದ ಮೂರು ನಾಲ್ಕು ಅಡಿ ಉದ್ದದ ಚೀಲಗಳು ನೇತಾಡುತ್ತಿದ್ದರೆ ಒರೊಪೆಂಡೊಲದ ಗೂಡು. ಗೀಜಗನ ಗೂಡು ನೋಡಿದವರಿಗೆ ಒಂದು ಕ್ಷಣ ನಗು ಬರುತ್ತದೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವ ಚಾಳಿ ನಮ್ಮೂರ ಫೋಟೋದವರಿಗಿದೆಯಲ್ಲ, ಅದನ್ನು ಇಲ್ಲೇ ಬಿಟ್ಟು ಹೋಗಿ.

ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೋಗೆ ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಅಲ್ಲಿಯ ಬೆಟ್ಟದ ಕಾಡನ್ನು ಮಳೆಗಾಗಿ ಉಳಿಸಬೇಕೆಂದು 1776ರಲ್ಲೇ ಕಾನೂನು ಮಾಡಿದರು. ಕಡಲ ಮೇಲೆ ಕಂದು ಹೆಜ್ಜಾರ್ಲೆ ನೋಡಿ. ನಮ್ಮ ಕೆರೆಯ ಹೆಜ್ಜಾರ್ಲೆ ತೇಲುತ್ತ ಮೀನು ಮೊಗೆದರೆ, ಇದು ಮೇಲಿಂದ ರೆಕ್ಕೆ ಮಡಚಿ ದಬಾರನೆ ಬೀಳುತ್ತದೆ.

ಬೇರೆ ದ್ವೀಪವಾದರೆ

ಟ್ರಿನಿಡಾಡ್ ವೆನೆಜುವೆಲಾಕ್ಕೆ ಹನ್ನೊಂದು ಕಿಲೋಮೀಟರ್ ದೂರ. ಒಂದು ಕಾಲಕ್ಕೆ ಅಂಟಿಕೊಂಡೇ ಇತ್ತು. ಅದಕ್ಕೇ ನಾನ್ನೂರಕ್ಕೂ ಮಿಕ್ಕಿ ಬಗೆಯ ಹಕ್ಕಿ, ಆದರೆ ಅಲ್ಲಿ ಮಾತ್ರ ಇರುವಂಥದ್ದು ಬೆರಳೆಣಿಕೆ. ಬೇರೆಲ್ಲೂ ಸಿಗದ ಹಕ್ಕಿಯ ಆಸೆ ಇದ್ದರೆ ಜಮೈಕಾ, ಕ್ಯೂಬಾ. ಜಮೈಕಾದಲ್ಲಿ ಉದ್ದ ಬಾಲದ ಡಾಕ್ಟರ್ ಬರ್ಡ್, ಕ್ಯೂಬಾದಲ್ಲಿ ಎರಡು ಗ್ರಾಂ ತೂಗುವ, ಜಗತ್ತಿನಲ್ಲೇ ಚಿಕ್ಕ ಹಮ್ಮಿಂಗ್‌ಬರ್ಡ್. ಎರಡೂ ಕಡೆ ಟೋಡಿ ಎಂಬ ಹಸಿರು ಮೈ, ಕೆಂಪು ಕತ್ತಿನ ಪುಟಾಣಿ ಇದೆ, ಮಿಂಚುಳ್ಳಿಯ ದೂರದ ನೆಂಟ, ಮಣ್ಣಿನ ದಿಣ್ಣೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಡೊಮಿನಿಕಾದ ಬಾವುಟದ ಮೇಲೆ ಕೂತಿರುವ ಸಿಸೆರೂ ಗಿಳಿಯನ್ನು ಕಾಡಲ್ಲಿ ಕಾಣುವುದು ಅದೃಷ್ಟ. 2017ರ ಮರಿಯಾ ಚಂಡಮಾರುತ ಆ ಕಾಡನ್ನು ಸೀಳಿತ್ತು. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಟ್ರಿನಿಡಾಡ್‌ಗಿಂತ ಉತ್ತರದ ದ್ವೀಪಗಳಿಗೆ ಆಗ ಟಿಕೆಟ್ ಮಾಡಿಸಬೇಡಿ. ಜಮೈಕಾದಲ್ಲಿ ಮುಂಗುಸಿ ಕಂಡರೆ ಊರಿನವನು ಸಿಕ್ಕ ಅಂತ ಖುಷಿಪಡಬೇಡಿ. 1872ರಲ್ಲಿ ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಕಲ್ಕತ್ತದಿಂದ ತರಿಸಿದ್ದು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿಯನ್ನೂ ತಿಂದು ತೇಗಿತು.

ವಾಪಸು ಹೊರಡುವ ಮುಂಚೆ ಸಕ್ಕರೆ ನೀರಿನ ಬಾಟಲಿಯ ಜವಾಬ್ದಾರಿ ಯಾರದು ಅಂತ ಮಗಳು ಅಳಿಯನ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ. ಕೈಕೂಸಿರುವ ಮನೆಯಲ್ಲಿ ಎರಡು ದಿನಕ್ಕೊಮ್ಮೆ ಬಾಟಲಿ ತೊಳೆಯುವುದು ಆಗದ ಮಾತು. ಬೂಷ್ಟು ಹಿಡಿದ ನೀರು ಕುಡಿದ ಹಕ್ಕಿ ಕಾಯಿಲೆ ಬೀಳುತ್ತದೆ. ನಾನು ಬಾಟಲಿ ಇಳಿಸಿ, ಒಣಗಿಸಿ, ಕಪಾಟಿನಲ್ಲಿಟ್ಟು ಬಂದೆ. ಬೇಲಿಯುದ್ದಕ್ಕೂ ವರ್ವೇನ್ ಕಡ್ಡಿ ನೆಟ್ಟೆ, ಉದ್ದ ತೆನೆಯಲ್ಲಿ ಚಿಕ್ಕ ಚಿಕ್ಕ ನೀಲಿ ಹೂ ಬಿಡುವ ಗಿಡ, ನಮ್ಮ ಕಡೆ ಖಾಲಿ ಸೈಟುಗಳಲ್ಲೂ ಬೆಳೆಯುತ್ತದೆ. ಕಡ್ಡಿ ಚುಚ್ಚಿದರೆ ಸಾಕು, ಹತ್ತಿಕೊಳ್ಳುತ್ತದೆ. ಹಮ್ಮಿಂಗ್‌ಬರ್ಡ್‌ಗಳಲ್ಲಿ ತೀರಾ ಸಣ್ಣದಾದ ಟಫ್ಟೆಡ್ ಕೊಕೆಟ್ ಕೂಡ ಅದಕ್ಕೆ ಬರುತ್ತದೆ, ವಾರಕ್ಕೆರಡು ಸಲ ನೀರು ಹಾಕಲು ಅಳಿಯನಿಗೆ ಹೇಳಿದ್ದೇನೆ.