ಆರ್ಡರ್ ಬರ್ತಿದ್ದಾಗಲೇ ನಾನು ಕೈ ತಡೆದಿದ್ದು

ನಂದು ಬ್ಯಾಗ್ ಹೊಲಿಯೋ ಯೂನಿಟ್, ಕಂಪನಿಗಳಿಗೆ ಲ್ಯಾಪ್‌ಟಾಪ್ ಬ್ಯಾಗ್ ಮಾಡಿಕೊಡ್ತೀವಿ. ಆರನೇ ವರ್ಷದಲ್ಲಿ ವ್ಯಾಪಾರ ಡಬಲ್ ಆಯ್ತು. ಎಲ್ಲರೂ ಶಹಬ್ಬಾಸ್ ಅಂತಿದ್ರು, ನಾನು ಮಾತ್ರ ಪ್ರತಿ ತಿಂಗಳ ಕೊನೇ ವಾರ ಸಂಬಳಕ್ಕೆ ದುಡ್ಡು ಎಲ್ಲಿಂದ ಹೊಂದಿಸೋದು ಅಂತ ರಾತ್ರಿ ಎದ್ದು ಕೂರ್ತಿದ್ದೆ. ಪುಸ್ತಕದಲ್ಲಿ ಲಾಭ ಇದೆ, ಅಕೌಂಟ್‌ನಲ್ಲಿ ಕಾಸಿಲ್ಲ.

ಕೊನೆಗೆ ಅಕೌಂಟೆಂಟ್ ಜೊತೆ ಕೂತು ದಿನಗಳ ಲೆಕ್ಕ ಹಾಕಿದ್ವಿ. ಬಟ್ಟೆ, ಜಿಪ್, ಫೋಮ್ ತಂದು ಬ್ಯಾಗ್ ಆಗಿ ಹೊರಗೆ ಹೋಗೋಕೆ 45 ದಿನ, ಆಮೇಲೆ ಗಿರಾಕಿ ಪೇಮೆಂಟ್ ಕೊಡೋಕೆ 75 ದಿನ, ನಾವು ಸಪ್ಲೈಯರ್‌ಗೆ ಕೊಡಬೇಕಾಗಿದ್ದು 30 ದಿನದಲ್ಲಿ. ಅಂದ್ರೆ 45ಕ್ಕೆ 75 ಕೂಡಿಸಿ 30 ಕಳೆದ್ರೆ 90 ದಿನ ನನ್ನ ದುಡ್ಡು ಮಾಲಿನಲ್ಲೋ ಗಿರಾಕಿ ಹತ್ರಾನೋ ಕೂತಿರುತ್ತೆ, ಹೆಚ್ಚುಕಮ್ಮಿ ವರ್ಷದ ವ್ಯಾಪಾರದ ಕಾಲು ಭಾಗ. ವ್ಯಾಪಾರ 100ರಿಂದ 200 ಆದ್ರೆ ಸಿಕ್ಕಿಹಾಕಿಕೊಳ್ಳೋ ದುಡ್ಡು 25ರಿಂದ 50ಕ್ಕೆ ಏರುತ್ತೆ. ನನ್ನ ಲಾಭ 100ಕ್ಕೆ 12, ಅಂದ್ರೆ 200ಕ್ಕೆ 24, ಅದರಲ್ಲೂ ಟ್ಯಾಕ್ಸ್ ಕಟ್ಟಬೇಕು. ಹೊಸದಾಗಿ ಬೇಕಾದ ಆ 25 ಎಲ್ಲಿಂದ ಬರ್ಬೇಕು? ಇಷ್ಟು ದಿನ ಓವರ್‌ಡ್ರಾಫ್ಟ್‌ನಿಂದ, ಅಂದ್ರೆ ಖಾತೆಯಲ್ಲಿ ಇರೋದಕ್ಕಿಂತ ಹೆಚ್ಚು ತೆಗೆಯೋಕೆ ಬ್ಯಾಂಕ್ ಕೊಡೋ ಸಾಲದಿಂದ ಬರ್ತಿತ್ತು, ಅದೂ ಮಿತಿ ಮುಟ್ಟಿತ್ತು. ಕೈಲಿರೋ ದುಡ್ಡಿಗೆ ಮೀರಿ ವ್ಯಾಪಾರ ಬೆಳೆಸೋ ಇದಕ್ಕೆ ಓವರ್‌ಟ್ರೇಡಿಂಗ್ ಅಂತಾರೆ, ಲಾಭದಲ್ಲಿರೋ ಕಂಪನಿಗಳೂ ಇದರಿಂದಲೇ ಮುಚ್ಚಿಹೋಗ್ತವೆ ಅಂತ ಅವರು ಹೇಳಿದಾಗ ನಂಗೆ ನಿಜವಾಗ್ಲೂ ಕೈಕಾಲು ತಣ್ಣಗಾಯ್ತು.

ಆದ್ರೂ ನಿಲ್ಲಿಸ್ಲಿಲ್ಲ, ಇನ್ನೊಂದಿಷ್ಟು ಸಾಲ ತಗೊಂಡ್ರೆ ಆಯ್ತು ಅನ್ಕೊಂಡೆ. ನಿಲ್ಲಿಸಿದ್ದು ಜಿಪ್‌ನಿಂದ.

ನಮ್ಮ ಅತಿ ಹಳೇ ಗಿರಾಕಿಯಿಂದ ಒಂದು ಬಾಕ್ಸ್ ಬ್ಯಾಗ್ ವಾಪಸ್ ಬಂತು, ಜಿಪ್ ತುದಿಯಲ್ಲಿ ಬಾರ್‌ಟ್ಯಾಕ್, ಅಂದ್ರೆ ಬಿಚ್ಚಿಹೋಗದ ಹಾಗೆ ಒತ್ತಾಗಿ ಹಾಕೋ ಬಿಗಿ ಹೊಲಿಗೆ, ಹಾಕೇ ಇರ್ಲಿಲ್ಲ. ಮೊದಲ ದಿನದಿಂದ ಜೊತೆಗಿರೋ ಕಟಿಂಗ್ ಮಾಸ್ಟರ್‌ನ ಕೇಳಿದ್ರೆ, "ಸರ್, ಚೆಕಿಂಗ್ ಟೇಬಲ್‌ನವರನ್ನೂ ಹೊಲಿಯೋಕೆ ಕೂರಿಸಿ ಎರಡು ತಿಂಗಳಾಯ್ತು, ನೀವೇ ಹೇಳಿದ್ದಲ್ವಾ" ಅಂದ್ರು. ನಾನೇ ಹೇಳಿದ್ದೆ. ಹೇಳಿದ್ದು ನೆನಪೇ ಇರ್ಲಿಲ್ಲ.

ಆಗ ತೀರ್ಮಾನ ಮಾಡಿದೆ, ಮೂರು ತಿಂಗಳು ಹೊಸ ಗಿರಾಕಿ ಬೇಡ, ಹಳಬರಿಗೂ ಕಳೆದ ವರ್ಷದಷ್ಟೇ ಮಾಲು. ಅಳುಕು ಇಲ್ದೇ ಇರ್ಲಿಲ್ಲ. ಧೈರ್ಯ ಕೊಟ್ಟಿದ್ದು ಯಾವಾಗಲೋ ಓದಿದ್ದ ಒಂದು ವಿಷಯ: 2008ರ ಫೆಬ್ರವರಿ 26ರಂದು ಸ್ಟಾರ್‌ಬಕ್ಸ್ ಅಮೆರಿಕದ ತನ್ನ ಸುಮಾರು 7,100 ಅಂಗಡಿಗಳನ್ನ ಒಂದೇ ಹೊತ್ತಿಗೆ ಮೂರೂವರೆ ಗಂಟೆ ಮುಚ್ಚಿ, ಕೆಲಸಗಾರರಿಗೆ ಎಸ್ಪ್ರೆಸ್ಸೊ ಮಾಡೋದನ್ನ ಮತ್ತೆ ಕಲಿಸ್ತು. ಅಷ್ಟು ದೊಡ್ಡವರೇ ಬಾಗಿಲು ಹಾಕಿ ಕೂತು ಕಲಿಸ್ಬೋದಾದ್ರೆ ನಂದೇನು ಮಹಾ. ಆದ್ರೆ ಅವರಲ್ಲಿ ಆಗಲೇ ಮಾರಾಟ ಸೊರಗ್ತಿತ್ತು, ಅದೇ ವರ್ಷ 600 ಅಂಗಡಿ ಮುಚ್ಚೋದಾಗಿ ಹೇಳ್ಬೇಕಾಯ್ತು. ನನಗೆ ಇನ್ನೂ ಆರ್ಡರ್ ಬರ್ತಿತ್ತು. ನಿಲ್ಲೋದಾದ್ರೆ ಈಗಲೇ ಅನ್ನಿಸ್ತು, ಯಾಕಂದ್ರೆ ಕೈಯಲ್ಲಿ ಕೆಲಸ ಇರುವಾಗ ನಿಂತ್ರೆ ಯಾರನ್ನೂ ಮನೆಗೆ ಕಳಿಸ್ಬೇಕಾಗಿಲ್ಲ.

ಕೆಲಸಗಾರರಿಗೆ ಹೇಳೋದೇ ಕಷ್ಟ ಆಯ್ತು, ಆರ್ಡರ್ ಬೇಡ ಅಂದ್ರೆ ಮುಚ್ತಿದಾರೆ ಅನ್ಕೋತಾರೆ, ಅದಕ್ಕೇ ಎಲ್ಲರನ್ನೂ ಕೂರಿಸಿ ಮೂರು ತಿಂಗಳ ಸಂಬಳಕ್ಕೆ ಯಾವ್ಯಾವ ದುಡ್ಡು ಯಾವಾಗ ಬರುತ್ತೆ ಅಂತ ಬೋರ್ಡ್ ಮೇಲೆ ಬರೆದು ತೋರಿಸಿದೆ. ಓವರ್‌ಟೈಮ್ ಹೋಗುತ್ತೆ ಅಂತ ಕೆಲವರಿಗೆ ಬೇಜಾರಾಯ್ತು, ಅದು ನ್ಯಾಯವೇ. ಚೆಕಿಂಗ್ ಟೇಬಲ್ ವಾಪಸ್ ಬಂತು. ನಾನು ದಿನಾ ಬೆಳಿಗ್ಗೆ ಎರಡು ಗಂಟೆ ಬರೀ ಬಾಕಿ ವಸೂಲಿಗೆ ಕೂತೆ, ಹೊಸ ಆರ್ಡರ್‌ಗೆ ಅಡ್ವಾನ್ಸ್ ಕೇಳೋಕೆ ಶುರು ಮಾಡಿದೆ. ಮೊದಲ ಸಲ ಕೇಳೋವಾಗ ನಾಲಿಗೆ ಒಣಗಿತ್ತು, ಬಹಳಷ್ಟು ಜನ ಒಪ್ಪಿದ್ರು. 75 ದಿನ 52ಕ್ಕೆ ಬಂತು.

ಇನ್ನೊಂದು ಕಲಿತೆ. ಮೆಷಿನ್ ಒಂದು ನಿಮಿಷಾನೂ ಖಾಲಿ ಕೂರಬಾರದು ಅನ್ನೋದು ನನ್ನ ಹಠ ಆಗಿತ್ತು. ಗಣಿತ ಕಲಿಸೋ ಒಬ್ಬ ಪರಿಚಯದವರು ಸರದಿ ಸಾಲಿನ ಲೆಕ್ಕ ತೋರಿಸಿದ್ರು: ಯಾವ ಹೊತ್ತಿಗೆ ಎಷ್ಟು ಕೆಲಸ ಬರುತ್ತೆ ಅಂತ ಗೊತ್ತಿಲ್ಲದ ಕಡೆ, ಸರಳ ಲೆಕ್ಕದಲ್ಲಿ, ಒಂದು ಮೆಷಿನ್ 80% ಬಿಜಿ ಇದ್ರೆ ಕೆಲಸ ಕಾಯೋದು ಅದನ್ನ ಮಾಡೋಕೆ ಬೇಕಾದ ಹೊತ್ತಿನ 4 ಪಟ್ಟು, 90% ಆದ್ರೆ 9 ಪಟ್ಟು, 95% ಆದ್ರೆ 19 ಪಟ್ಟು. ನಮ್ಮ ಡೆಲಿವರಿ ಯಾಕೆ ಹಠಾತ್ತನೆ ಲೇಟಾಗೋಕೆ ಶುರುವಾಯ್ತು ಅಂತ ಆಗ ಹೊಳೀತು, ನಾನು ಸುಮ್ನೆ ಹುಡುಗರನ್ನ ಬೈದಿದ್ದೆ. ಈಗ 80% ದಾಟೋ ಹಾಗಿದ್ರೆ ಹೊಸ ಗಿರಾಕಿಗೆ ಇಂಥ ತಿಂಗಳು ಬನ್ನಿ ಅಂತೀನಿ.

ಮೂರು ತಿಂಗಳು ಅಂದಿದ್ದು ಐದಾಯ್ತು. ನಾನು ಬೇಡ ಅಂದ ಒಂದು ದೊಡ್ಡ ಆರ್ಡರ್ ಇನ್ನೊಬ್ಬರಿಗೆ ಹೋಯ್ತು, ಆ ಗಿರಾಕಿ ಮತ್ತೆ ನಮ್ಮ ಹತ್ರ ಬರ್ಲಿಲ್ಲ, ಅದು ಈಗ್ಲೂ ಚುಚ್ಚುತ್ತೆ. ಬ್ಯಾಗ್ ವಾಪಸ್ ಕಳಿಸಿದ್ದ ಆ ಹಳೇ ಗಿರಾಕಿ ಮಾತ್ರ ಈ ವರ್ಷವೂ ನಮ್ಮ ಹತ್ರವೇ ಮಾಡಿಸ್ತಿದಾರೆ, ಅವರ ಮಾಲು ಹೊರಡೋ ದಿನ ನಾನೇ ನಿಂತು ಒಂದೊಂದು ಜಿಪ್ಪನ್ನೂ ಎಳೆದು ನೋಡ್ತೀನಿ.