ನ್ಯೂಗ್ರೇಂಜ್‌ನ ಮೂರು ಸುರುಳಿ: ಬಿಡಿಸುತ್ತಾ ಕಲಿತದ್ದು

ಕೆಲ್ಟಿಕ್ ವಿನ್ಯಾಸಗಳನ್ನು (ಯುರೋಪಿನ ಪ್ರಾಚೀನ ಕೆಲ್ಟ್ ಜನರವು) ಬಿಡಿಸೋದನ್ನು ನಾನು ಶುರು ಮಾಡಿದ್ದು ಮೂರು ಸುರುಳಿಯಿಂದ. ಟ್ರಿಸ್ಕೆಲ್ ಅಂತಾರೆ. ಪೆಂಡೆಂಟ್, ಹಚ್ಚೆ, ಟೀ ಶರ್ಟ್, ಎಲ್ಲಾ ಕಡೆ ಕಾಣುತ್ತೆ ಅಲ್ವಾ? ಅದರ ಹಳೆಯ ರೂಪ ನೋಡಲೆಂದೇ ಐರ್ಲೆಂಡಿನ ನ್ಯೂಗ್ರೇಂಜ್‌ಗೆ ಹೋದೆ.

ಬಾಯ್ನ್ ನದಿಯ ಹತ್ತಿರದ ದೊಡ್ಡ ಸಮಾಧಿ ದಿಬ್ಬ ಅದು. ಕಟ್ಟಿದ್ದು ಸುಮಾರು ಕ್ರಿ.ಪೂ. 3200ರಲ್ಲಿ, ಗಿಜಾದ ಪಿರಮಿಡ್‌ಗಳಿಗೂ ಮೊದಲು. 19 ಮೀಟರ್ ಉದ್ದದ ಇಕ್ಕಟ್ಟು ಹಾದಿ ದಾಟಿದರೆ ಕೋಣೆ. ಅಲ್ಲಿನ ಕಲ್ಲೊಂದರ ಮೇಲೆ ಆ ಸುರುಳಿ ಇದೆ, ಅಗಲ ಒಂದು ಅಡಿಯಷ್ಟೇ. ಒಳಗೆ ಫೋಟೊ ತೆಗೆಯುವಂತಿಲ್ಲ. ಹಾಗಾಗಿ ಕಣ್ತುಂಬ ನೋಡಿಕೊಂಡೆ. ಬಾಗಿಲ ಮುಂದಿನ ಕಲ್ಲಿನಲ್ಲೂ ಮೂರು ಸುರುಳಿ ಇದೆ, ಅದನ್ನು ನೋಡುತ್ತಾ ಸ್ಕೆಚ್ ಮಾಡಿದೆ. ಆ ಗೆರೆಗಳನ್ನು ಕುಟ್ಟಿ ಕುಟ್ಟಿ ಮಾಡಿದ್ದಾರೆ. ಲೋಹವೇ ಇಲ್ಲದ ಕಾಲ, ಚೂಪುಗಲ್ಲಿನಿಂದಲೇ ಆಗಬೇಕು. ಹತ್ತಿರದಿಂದ ನೋಡಿದರೆ ಗೆರೆಯುದ್ದಕ್ಕೂ ಸಣ್ಣ ಸಣ್ಣ ಗುಳಿಗಳು.

ಒಂದೊಂದು ಸುರುಳಿಯಲ್ಲೂ ಎರಡೆರಡು ಗೆರೆ, ಎರಡೆಳೆ ಸೇರಿಸಿ ಚಕ್ಕುಲಿ ಸುತ್ತಿದ ಹಾಗೆ. ನಾನು ಮೊದಲು ಮೂರು ಬಿಂದು ಇಡುತ್ತೇನೆ. ಪ್ರತಿ ಬಿಂದುವಿನ ಹತ್ತಿರ ಒಂದು ಪುಟ್ಟ ತಿರುವು. ಅದರ ಎರಡೂ ತುದಿಗಳನ್ನು ಜೊತೆಜೊತೆಯಾಗಿ ಹೊರಕ್ಕೆ ಸುತ್ತುತ್ತಾ ಬರುತ್ತೇನೆ. ಕೊನೆಗೆ ಒಂದು ತುದಿ ಈಚೆ ಸುರುಳಿಗೆ, ಇನ್ನೊಂದು ಆಚೆ ಸುರುಳಿಗೆ. ಕೈವಾರ ಬೇಡ, ಬರಿಗೈಯಲ್ಲೇ ಚೆನ್ನ.

ಕೈವಾರ ಬೇಕಾಗೋದು ನಿಜವಾದ ಕೆಲ್ಟಿಕ್ ಕೆಲಸಕ್ಕೆ. ಕೆಲ್ಟರ ಲಾ ಟೆನ್ ಅನ್ನೋ ಕಲಾಶೈಲಿ ಶುರುವಾಗಿದ್ದು ಕ್ರಿ.ಪೂ. 450ರ ಸುಮಾರಿಗೆ, ಅಂದರೆ ನ್ಯೂಗ್ರೇಂಜ್ ಆಗಿ ಎರಡೂವರೆ ಸಾವಿರ ವರ್ಷಕ್ಕೂ ಮೇಲೆ. ಅದರಲ್ಲಿ ಮೂರು ತೋಳುಗಳು ಕಂಚಿನ ಮೇಲೆ ಉಬ್ಬಿ, ಸಣ್ಣಗಾಗುತ್ತಾ ಬಾಗುತ್ತವೆ. ಎರಡನ್ನೂ ಬಿಡಿಸಿ ನೋಡಿ, ಬೇರೆ ಬೇರೆ ಕೈಗಳು ಅಂತ ಗೊತ್ತಾಗುತ್ತೆ. ಎರಡಕ್ಕೂ ಕೆಲ್ಟಿಕ್ ಅಂತ ಒಂದೇ ಹೆಸರು ಅಂಟಿಸೋದು ನನಗೆ ಒಪ್ಪಿಗೆಯಿಲ್ಲ.

ಅರ್ಥ? ಹುಟ್ಟು-ಬದುಕು-ಸಾವು, ನೆಲ-ಕಡಲು-ಬಾನು ಅಂತೆಲ್ಲ ಹೇಳೋದು ಈಗಿನವರು. ಕಟ್ಟಿದವರು ಒಂದಕ್ಷರವೂ ಬರೆದಿಟ್ಟಿಲ್ಲ. ಆದರೆ ಬಾಗಿಲ ಮೇಲೊಂದು ಕಿಂಡಿ ಬಿಟ್ಟಿದ್ದಾರೆ. ವರ್ಷದ ಅತಿ ಚಿಕ್ಕ ಹಗಲಾದ ಡಿಸೆಂಬರ್ 21ರ ಆಸುಪಾಸು ಬೆಳಗಿನ ಬಿಸಿಲು ಅದರಿಂದ ತೂರಿ ಕೋಣೆಯ ನೆಲ ಮುಟ್ಟಿ, ಸುಮಾರು 17 ನಿಮಿಷ ಇರುತ್ತೆ. ಉತ್ಖನನ ಮಾಡುತ್ತಿದ್ದ ಮೈಕೆಲ್ ಓಕೆಲಿ 1967ರಲ್ಲಿ ಇದನ್ನು ಕಣ್ಣಾರೆ ಕಂಡರು. ಅರ್ಥ ಹುಡುಕುವವರು ಪೆಂಡೆಂಟಿನ ಜೊತೆ ಬರೋ ಚೀಟಿ ಬಿಟ್ಟು ಈ ಕಿಂಡಿಯಿಂದ ಶುರು ಮಾಡಲಿ.