ಬೀರು ಮುಟ್ಟಿದರೆ ಚಟ್, ಫ್ರಿಜ್ ಮುಟ್ಟಿದರೆ ಝುಂ

ಬೆಂಗಳೂರಿನಲ್ಲಿ ಫೆಬ್ರವರಿ ಬಂತೆಂದರೆ ನಮ್ಮ ಮನೆಯಲ್ಲಿ ಶಾಕ್ ಹೊಡೆಯಲು ಶುರುವಾಗುತ್ತಿತ್ತು. ಕಬ್ಬಿಣದ ಬೀರುವಿನ ಹಿಡಿ ಮುಟ್ಟಿದರೆ ಚಟ್. ಮಗಳು ಪ್ಲಾಸ್ಟಿಕ್ ಜಾರುಬಂಡೆಯಿಂದ ಇಳಿದು ನನ್ನ ಕೈ ಹಿಡಿದರೆ ಇಬ್ಬರಿಗೂ ಚಟ್. ಅವಳು ನನ್ನನ್ನು ಮುಟ್ಟಲು ಹೆದರತೊಡಗಿದಾಗ ಇದನ್ನು ಸರಿಮಾಡಲೇಬೇಕು ಅನಿಸಿತು.

"ಎಲ್ಲೋ ಕರೆಂಟ್ ಲೀಕ್ ಆಗ್ತಿದೆ ಕಣೇ" ಅಂತ ಅಮ್ಮ ಹೇಳುತ್ತಲೇ ಇದ್ದರು. ಅವರ ಮಾತು ಅರ್ಧ ನಿಜವಾಗಿತ್ತು. ಬೀರುವಿನದು ಒಂದೇ ಸಲ ಹೊಡೆಯುತ್ತದೆ, ತಕ್ಷಣ ಮತ್ತೆ ಮುಟ್ಟಿದರೆ ಏನೂ ಇಲ್ಲ. ಅದು ಸ್ಟ್ಯಾಟಿಕ್, ಅಂದರೆ ಉಜ್ಜಾಟದಿಂದ ಮೈಯಲ್ಲಿ ಸೇರಿಕೊಂಡ ವಿದ್ಯುತ್ ಚಾರ್ಜ್. ಫ್ರಿಜ್‌ದು ಹಾಗಲ್ಲ, ಕೈ ಇಟ್ಟಷ್ಟು ಹೊತ್ತೂ ಝುಂ ಅನ್ನುತ್ತಿತ್ತು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತರೆ ಇನ್ನೂ ಜಾಸ್ತಿ. ಎಲೆಕ್ಟ್ರಿಶಿಯನ್ ಬಂದು ನೋಡಿದರೆ ಆ ಸಾಕೆಟ್‌ಗೆ ಲೀಕ್ ಆದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ವೈರನ್ನೇ ಸೇರಿಸಿರಲಿಲ್ಲ! ಅದನ್ನು ಸರಿಮಾಡಿಸಿ, ಫ್ರಿಜ್ಜನ್ನೂ ಪರೀಕ್ಷೆ ಮಾಡಿಸಿ, ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆ. ದಯವಿಟ್ಟು ಇದನ್ನು ನಾಳೆಗೆ ಅಂತ ಬಿಡಬೇಡಿ. ಮನೆಯೊಳಗಿನ ಸ್ಟ್ಯಾಟಿಕ್ ಹೆಚ್ಚೆಂದರೆ ಬೆಚ್ಚಿಬೀಳಿಸುತ್ತದೆ, ಲೀಕ್ ಆಗುವ ಕರೆಂಟ್ ಜೀವ ತೆಗೆಯಬಹುದು.

ಆಮೇಲೆ ಉಳಿದದ್ದು ಚಟ್ ಶಾಕ್. ತೇವಾಂಶ ತೋರಿಸುವ ಚಿಕ್ಕ ಮೀಟರ್ ತಂದಿಟ್ಟೆ, ಮಧ್ಯಾಹ್ನ ಶೇಕಡಾ 25ರ ಆಸುಪಾಸು ಇರುತ್ತಿತ್ತು. ಗಾಳಿ ಅಷ್ಟು ಒಣಗಿದ್ದರೆ ಮೈಯಲ್ಲಿ ಸೇರಿದ ಚಾರ್ಜ್ ಹರಿದುಹೋಗುವುದಿಲ್ಲ. ಒಗೆದ ಬಟ್ಟೆಯನ್ನು ಬಾಲ್ಕನಿಗೆ ಬದಲು ಹಾಲ್‌ನಲ್ಲೇ ಸ್ಟ್ಯಾಂಡ್ ಮೇಲೆ ಹರವಿದೆ, ಮಧ್ಯಾಹ್ನವೂ ಒಂದು ಸಲ ನೆಲ ಒರೆಸಿದೆ, ಮೀಟರ್ 40 ದಾಟಿದ ದಿನ ಚಟ್ ಅನ್ನುವುದು ಎಷ್ಟೋ ಕಡಿಮೆ. ಪಾಲಿಯೆಸ್ಟರ್ ಕಾರ್ಪೆಟ್ ಸುತ್ತಿಟ್ಟು ಹತ್ತಿಯ ಜಮಖಾನ ಹಾಸಿದೆ. ಮನೆಯೊಳಗೆ ಹಾಕುತ್ತಿದ್ದ ರಬ್ಬರ್ ಚಪ್ಪಲಿಯನ್ನೂ ಬಿಟ್ಟೆ, ಆದರೆ ಅರ್ಥಿಂಗ್ ಸರಿಯಾದ ಮೇಲೆಯೇ. ಯಾಕೆಂದರೆ ಚಾರ್ಜ್ ನೆಲಕ್ಕೆ ಇಳಿಯದಂತೆ ತಡೆಯುವ ಅದೇ ಚಪ್ಪಲಿ ಫ್ರಿಜ್ ಶಾಕ್‌ನಿಂದ ಕಾಲನ್ನು ಸ್ವಲ್ಪ ಕಾಯುತ್ತಿತ್ತು, ಅಲ್ವಾ?

ಬೀರು ತೆಗೆಯುವಾಗ ಈಗ ಬೀಗದಕೈಯನ್ನು ಗಟ್ಟಿಯಾಗಿ ಹಿಡಿದು ಅದರ ತುದಿಯನ್ನು ಮೊದಲು ಹಿಡಿಗೆ ತಾಗಿಸುತ್ತೇನೆ. ಕಿಡಿ ಹಾರುವುದು ಅಲ್ಲಿ, ಬೆರಳ ತುದಿಗೆ ಚುಚ್ಚುವುದಿಲ್ಲ. ಜಾರುಬಂಡೆಯನ್ನು ಮಾತ್ರ ಮಗಳು ಆಡುವ ಮೊದಲು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಈಗ ಆ ಬಟ್ಟೆಯನ್ನು ಅವಳೇ ಹಿಡಿದುಕೊಂಡು ಬರುತ್ತಾಳೆ.